ನಾಡೀಪರೀಕ್ಷೆಯೂ ಮಣಿಕಟ್ಟಿನ ಯಂತ್ರವೂ

ಚರಕಸುಶ್ರುತರಲ್ಲಿ ವ್ಯವಸ್ಥಿತವಾಗಿ ಕಾಣದ ನಾಡೀಪರೀಕ್ಷಾಕ್ರಮವು ಸುಮಾರು 13ನೆಯ ಶತಮಾನದ ಶಾರ್ಙ್ಗಧರಸಂಹಿತೆಯಲ್ಲಿ ದೊರೆಯುತ್ತದೆ. ಅಂಗುಷ್ಠಮೂಲದ ಧಮನಿಯನ್ನು ಗ್ರಂಥಕಾರನು ಜೀವಸಾಕ್ಷಿಣಿಯೆಂದು ಕರೆದು, ಅದರ ಗತಿಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸಿರುವನು. ನಾಡಿಯನ್ನು ನಿಮಿಷಕ್ಕೆ ಇಂತಿಷ್ಟೆಂದು ಎಣಿಸಲು ಒದಗುವ ಗಡಿಯಾರವನ್ನು ಆಂಗ್ಲವೈದ್ಯ ಜಾನ್ ಫ್ಲಾಯರನು 1707ರ ತನ್ನ ಗ್ರಂಥದಲ್ಲಿ ವರ್ಣಿಸಿದನು. ಇಂದಿನ ಸ್ಮಾರ್ಟ್ ವಾಚಾದರೋ ಮಣಿಕಟ್ಟಿನ ಚರ್ಮದೊಳಕ್ಕೆ ಹಸುರು ಬೆಳಕನ್ನು ಹಾಯಿಸಿ, ರಕ್ತದ ಏರಿಳಿತಕ್ಕನುಗುಣವಾಗಿ ಮರಳುವ ಬೆಳಕಿನ ವ್ಯತ್ಯಾಸವನ್ನಳೆದು, ಹಗಲಿರುಳೂ ನಾಡಿಯನ್ನೆಣಿಸುತ್ತದೆ.

ಇದರ ಪ್ರಯೋಜನವು ಬಳ್ಳಾರಿಯ ಸೀಮೆಗೆ ಅಲ್ಪವಲ್ಲ. ಬಳ್ಳಾರಿಯಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದುದು 1961ರಲ್ಲಿ. ಸಿರುಗುಪ್ಪ, ಕುರುಗೋಡುಗಳಿಂದ ಆ ನಗರಕ್ಕೆ ಬರುವ ರೋಗಿಯ ನಾಡಿಯು ವೈದ್ಯನ ಕೈಗೆ ಸಿಕ್ಕುವುದು ಕ್ಷಣಮಾತ್ರ. ಗದ್ದೆಯಲ್ಲಿಯೂ ನಿದ್ರೆಯಲ್ಲಿಯೂ ಅದು ನಡೆದ ಬಗೆಯನ್ನು ಯಂತ್ರವು ಬರೆದಿಡುತ್ತದೆ. ರೋಗನಿರ್ಣಯವು ಮಾತ್ರ ವೈದ್ಯನದೇ ಸರಿ.

ಆದರೆ ಈ ಜೀವಸಾಕ್ಷಿಯು ಯಾರ ಮುಂದೆ ನುಡಿಯತಕ್ಕದ್ದು? ರೋಗಿಯ ಮನೆಯ ಸಂಗತಿಯನ್ನು ಹೊರಗೆಡಹಲಾಗದೆಂದು ಚರಕಸಂಹಿತೆಯ ವಿಮಾನಸ್ಥಾನವು ವೈದ್ಯನಿಗೆ ವಿಧಿಸಿದೆ. ಕರ್ಣಾಟಕ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಯಂತ್ರದ ಅಂಕೆಗಳು ವೈದ್ಯನಲ್ಲದವನ ಭಂಡಾರವನ್ನೂ ಸೇರುವುದರಿಂದ, ಚರಕಸಂಹಿತೆಯ ಆ ವಿಧಿಯು ಭಂಡಾರದ ಒಡೆಯನಿಗೂ ಸಲ್ಲತಕ್ಕದ್ದು.