ವಯನಾಡಿನ ಮನೆ-ಕಾಫಿ: ಕಡತದ ಆಚೆಗಿನ ಚರಿತ್ರೆ

ವಯನಾಡಿನ ಕನ್ನಡಿಗರ, ಮುಖ್ಯವಾಗಿ ಜೈನ ಗೌಡರ, ಕಾಫಿ ಚರಿತ್ರೆ ಅಂದಕೂಡಲೇ ನಾವು ತೋಟದ ಲೆಕ್ಕ ನೋಡ್ತೇವೆ. ಅಡುಗೆಮನೆಯನ್ನೂ ನೋಡಬೇಕು ಅನ್ನೋದು ನನ್ನ ವಾದ. 1942ರ ಕಾಯ್ದೆಯಡಿ ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕಿತ್ತು. ಮನೆಬಳಕೆಗೆ, ಬಿತ್ತನೆಗೆ ಮಾತ್ರ ಸ್ವಲ್ಪ ಉಳಿಸಿಕೊಳ್ಳಬಹುದಿತ್ತು. ಪೂರ್ತಿ ಮುಕ್ತ ಮಾರಾಟ ಸಿಕ್ಕಿದ್ದು 1996ರಲ್ಲಿ. ಅಂದ್ರೆ ಅರ್ಧ ಶತಮಾನ ಬೆಳೆಗಾರ ‘ನನ್ನದು’ ಅನ್ನಬಹುದಾದ ಕಾಫಿ ಮನೆಯ ಡಬ್ಬಿಯಲ್ಲಷ್ಟೇ ಇತ್ತು.

ಫಿಲ್ಟರ್ ಸರಳ ಸಾಧನ: ತಳದಲ್ಲಿ ತೂತಿರುವ ಮೇಲ್ಪಾತ್ರೆ, ಪುಡಿ ಒತ್ತುವ ಬಿಲ್ಲೆ, ಡಿಕಾಕ್ಷನ್ ಇಳಿಯುವ ಕೆಳಪಾತ್ರೆ. ಪುಡಿ ತೀರಾ ನುಣ್ಣಗಾದ್ರೆ ನೀರು ಇಳಿಯಲ್ಲ, ತರಿಯಾದ್ರೆ ಡಿಕಾಕ್ಷನ್ ತೆಳ್ಳಗಾಗುತ್ತೆ. ಇಲ್ಲಿಯ ರೊಬಸ್ಟಾ ಕಹಿ. ಹಾಲು ಬೆರೆಸಿದರೂ ಅದರ ರುಚಿ ಮುಚ್ಚಿಹೋಗಲ್ಲ.

ಹುರಿಯುವ, ಬೀಸುವ ಈ ಹದದ ಮಾತು ಬೋರ್ಡಿನ ಕಡತದಲ್ಲಿ ಸಿಗಲ್ಲ. ಹಿರಿಯರು ಇರುವಾಗಲೇ, ಅವರ ಕನ್ನಡದಲ್ಲೇ, ಕೇಳಿ ದಾಖಲಿಸಬೇಕು.