ಪತ್ತೆಯಾಗದ ಬಂದೂಕುಗಳ ಕಾಯ್ದೆ
ಲೋಹಶೋಧಕಕ್ಕೆ ಸಿಗದ ಬಂದೂಕುಗಳ ತಯಾರಿಕೆ, ಮಾರಾಟ, ಸ್ವಾಧೀನಗಳನ್ನು ನಿಷೇಧಿಸುವ, 1988ರ ಅಮೆರಿಕ ಸಂಯುಕ್ತ ಸಂಸ್ಥಾನದ ಒಕ್ಕೂಟ ಕಾನೂನು. ಆಸ್ಟ್ರಿಯದ ಗ್ಲಾಕ್ 17 ಪಿಸ್ತೂಲು ಹುಟ್ಟಿಸಿದ ಆತಂಕ ಇದರ ಹಿನ್ನೆಲೆ. ಆ ಆತಂಕಕ್ಕೆ ಆಧಾರ ಕಡಿಮೆ: ಪಿಸ್ತೂಲಿನ ಚೌಕಟ್ಟು ಪ್ಲಾಸ್ಟಿಕ್ಕಿನದಾದರೂ ನಳಿಕೆ, ಸ್ಲೈಡುಗಳು ಉಕ್ಕಿನವು, ತೂಕದ ಬಹುಪಾಲು ಲೋಹವೇ. ಕಾಯ್ದೆಯಂತೆ, 3.7 ಔನ್ಸ್ (ಸುಮಾರು 105 ಗ್ರಾಂ) ತುಕ್ಕುರಹಿತ ಉಕ್ಕಿನ ಮಾದರಿಯಷ್ಟಾದರೂ ಸುಲಭವಾಗಿ ಬಂದೂಕು ಶೋಧಕಕ್ಕೆ ಸಿಗಬೇಕು. ಮುಖ್ಯ ಭಾಗಗಳ ಆಕಾರ ಎಕ್ಸ್‌-ರೇಯಲ್ಲಿ ಸರಿಯಾಗಿ ಮೂಡಬೇಕು. ಆಗ ಊಹೆಯಾಗಿದ್ದ ಅಪಾಯ 2013ರಲ್ಲಿ, 3ಡಿ ಮುದ್ರಣದ ‘ಲಿಬರೇಟರ್’ ಪಿಸ್ತೂಲಿನೊಂದಿಗೆ ವಾಸ್ತವಕ್ಕೆ ಹತ್ತಿರವಾಯಿತು. ಅದರ ಕಾರ್ಯಕ್ಕೆ ಬೇಕಾದ ಲೋಹ ತೀರ ಅಲ್ಪ, ಬಾಳಿಕೆಯೂ ಅಷ್ಟೆ. ನಿಷೇಧಕ್ಕೆ ನಿಜವಾದ ತೂಕ ಬಂದದ್ದು ಆಗಲೇ. ಅವಧಿ ಮಿತಿಯ ಈ ಕಾಯ್ದೆ 1998, 2003, 2013ರಲ್ಲಿ ನವೀಕರಣಗೊಂಡು, 2024ರಲ್ಲಿ 2031ರವರೆಗೆ ವಿಸ್ತರಣೆಯಾಗಿದೆ.