ಚಿಪ್ಪಿನ ಗುಟ್ಟು ತೆರೆದದ್ದು

ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡನ್ನು ಜೋಡಿಸಿದರಷ್ಟೇ ಸಾಲದು. ಅದನ್ನು ನಡೆಸುವ 'ಡ್ರೈವರ್' ಎಂಬ ತಂತ್ರಾಂಶವೂ ಬೇಕು. ಅದನ್ನು ಬರೆಯಲು ಚಿಪ್ಪಿನ ಒಳವಿವರಗಳಿರುವ ಕೈಪಿಡಿ ಅಗತ್ಯ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿಗೆ ಇಂಥ ಕೈಪಿಡಿಗಳು ಬಹಳ ಕಾಲ ಸುಲಭವಾಗಿ ದಕ್ಕಲಿಲ್ಲ. ತಯಾರಕರಿಗೆ ಗುಟ್ಟು ಸೋರೀತೆಂಬ ಭಯ. ಗಡಿಯಾರದ ಮುಳ್ಳು ನೋಡಿಯೇ ಒಳಗಿನ ಚಕ್ರಗಳನ್ನು ಊಹಿಸುವಂಥ ಕೆಲಸ ಲಿನಕ್ಸಿನವರ ಪಾಲಿಗೆ ಬಂತು.

2007ರ ಜನವರಿಯಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಎಂಬ ಲಿನಕ್ಸ್ ತಂತ್ರಜ್ಞರು ಕಂಪೆನಿಗಳ ಮುಂದೆ ಒಂದು ಮಾತಿಟ್ಟರು: ವಿವರ ಕೊಡಿ, ಡ್ರೈವರನ್ನು ನಾವೇ ಉಚಿತವಾಗಿ ಬರೆಯುತ್ತೇವೆ, ಬೇಕಾದರೆ ಗೌಪ್ಯತೆಯ ಕರಾರಿಗೂ ಸಿದ್ಧ. ಇದಕ್ಕಿಂತ ಅಗ್ಗದ ವ್ಯವಹಾರ ಇನ್ನೆಲ್ಲಿದೆ!

ಅದೇ ಸೆಪ್ಟೆಂಬರಿನಲ್ಲಿ ಎಎಂಡಿ ಕಂಪೆನಿ, ಹಿಂದಿನ ವರ್ಷ ತಾನು ಕೊಂಡಿದ್ದ ಎಟಿಐ ಗ್ರಾಫಿಕ್ಸ್ ಚಿಪ್ಪುಗಳ ಕೈಪಿಡಿಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಫಲವೇನು? ತಯಾರಕರೇ ಕೈಬಿಟ್ಟ ಎಷ್ಟೋ ಹಳೆಯ ಕಾರ್ಡುಗಳು ಲಿನಕ್ಸಿನಲ್ಲಿ ಇಂದಿಗೂ ನಡೆಯುತ್ತವೆ.

ಎನ್‌ವಿಡಿಯಾ ಮಾತ್ರ ಜಗ್ಗಲಿಲ್ಲ. 2012ರಲ್ಲಿ ಟೊರ್ವಾಲ್ಡ್ಸ್ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲೇ ಅದನ್ನು ಬೈದರು. 2022ರ ಮೇ ತಿಂಗಳಲ್ಲಿ ಅದು ತನ್ನ ಲಿನಕ್ಸ್ ಡ್ರೈವರಿನ ಕರ್ನೆಲ್ ಭಾಗವನ್ನು ಪ್ರಕಟಿಸಿತು. ಅಷ್ಟರಲ್ಲಿ ಕೆಲಸದ ದೊಡ್ಡ ಪಾಲು ಕಾರ್ಡಿನೊಳಗೇ ಓಡುವ ಫರ್ಮ್‌ವೇರಿಗೆ ಸರಿದಿತ್ತು. ಅದರ ಮೂಲಸಂಕೇತವನ್ನು ಕಂಪೆನಿ ಹೊರಗಿಡಲಿಲ್ಲ.